ಪಕ್ಕದ 30×40 ಸೈಟಿನಲ್ಲಿ ಐದನೇ ಮಹಡಿ ಏಳುತ್ತಿದೆ. ನಕ್ಷೆ ನೋಡೋ ಹಕ್ಕು ನನಗಿಲ್ವಾ?

ಮೂಲೆಮನೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೂರ್ವ ಭಾಗದ ಒಂದು ಹಳೇ ಬಡಾವಣೆ ನಮ್ಮದು. ಹೆಸರು ಬೇಡ, ಪಕ್ಕದವರೂ ಇಲ್ಲಿ ಓದುತ್ತಿರಬಹುದು. 30 ಅಡಿ ರಸ್ತೆ, ಎರಡೂ ಕಡೆ 30×40 ಸೈಟುಗಳು. ಅಪ್ಪ 1991ರಲ್ಲಿ ಕೆಳಗಿನ ಮನೆ ಕಟ್ಟಿಸಿದರು. ನಾನು 2009ರಲ್ಲಿ ಮೇಲೊಂದು ಮಹಡಿ ಹಾಕಿಸಿದೆ.

ಪಕ್ಕದಲ್ಲಿ ಒಂದು ಹೆಂಚಿನ ಮನೆಯಿತ್ತು. ಹಿಂದೆ ನುಗ್ಗೆ ಮರ. ಅವರ ಮಕ್ಕಳು ಮಾರಿಬಿಟ್ಟರು. ಯುಗಾದಿ ಕಳೆಯುತ್ತಿದ್ದ ಹಾಗೆ ಜೆಸಿಬಿ ಬಂತು, ಎರಡೇ ದಿನಕ್ಕೆ ಸೈಟು ಬಯಲು. ಈಗ ಐದನೇ ಮಹಡಿಗೆ ಸೆಂಟ್ರಿಂಗ್ ಹೊಡೆಯುತ್ತಿದ್ದಾರೆ. ಅಡುಗೆಮನೆ ಕಿಟಕಿಯಿಂದ ಅವರ ಗೋಡೆಗೆ ಎಷ್ಟು ದೂರ ಅಂತ ಅಮ್ಮ ಲಟ್ಟಣಿಗೆ ಹಿಡಿದು ಅಳೆದರು. ಒಂದು ಲಟ್ಟಣಿಗೆ, ಮೇಲೆ ನಾಲ್ಕು ಬೆರಳು. ಬೆಳಗ್ಗೆ ಹನ್ನೊಂದಕ್ಕೇ ಲೈಟ್ ಹಾಕಿಕೊಂಡು ಒಗ್ಗರಣೆ ಹಾಕುವ ಪರಿಸ್ಥಿತಿ.

ಮೇಸ್ತ್ರಿಯನ್ನು ಕೇಳಿದೆ. 'ಓನರ್‌ನ ಕೇಳಿ ಸಾರ್' ಅಂದ. ಓನರ್ ಮರ್ಯಾದೆಯಿಂದಲೇ ಮಾತಾಡಿದರು. 'ಎಲ್ಲಾ ಸ್ಯಾಂಕ್ಷನ್ ಆಗಿದೆ, ನೀವು ಟೆನ್ಶನ್ ಮಾಡ್ಕೋಬೇಡಿ' ಅಂದರು. ನಕ್ಷೆ ತೋರಿಸಿ ಅಂದಾಗ ಫೋನ್ ಬಂತು, ಹೋದರು. ಆಫೀಸಿಗೆ ಹೋದರೆ ಬರೆದುಕೊಡಿ ಅಂದರು. ಬರೆದುಕೊಟ್ಟು ಮೂರು ವಾರ ಆಯಿತು.

ನನಗೆ ತಿಳಿಯಬೇಕಾದ್ದು ಇಷ್ಟು. ಇಲ್ಲಿ ಎಷ್ಟು ಮಹಡಿ ಕಟ್ಟಬಹುದು? ಪಕ್ಕದವನಾದ ನಾನು ನಕ್ಷೆ ನೋಡಬಹುದಾ? ಪ್ರತಿ ಮಹಡಿಗೂ ನಾಲ್ಕು ಬಚ್ಚಲು ಕಾಣುತ್ತಿದೆ, ಪಿಜಿ ಅಂತ ಅನುಮಾನ. ಅದಕ್ಕೆ ಇಂಥ ರಸ್ತೆಯಲ್ಲಿ ಅವಕಾಶ ಇದೆಯಾ?

ಟೇಪು ಹಿಡಿದವ:

ನಿಮ್ಮ ತಾಯಿಯವರ ಅಳತೆ ಬಹಳ ಇಷ್ಟವಾಯಿತು. ನಾನು ಮೂವತ್ತು ವರ್ಷ ಮನೆ ನಕ್ಷೆ ಬರೆದು ಸ್ಯಾಂಕ್ಷನ್ ಮಾಡಿಸಿಕೊಟ್ಟವನು. ಸರ್ಕಾರಿ ನೌಕರ ಅಲ್ಲ, ಖಾಸಗಿ ಇಂಜಿನಿಯರ್. ಈಗ ಮೊಮ್ಮಗಳ ಸ್ಕೂಲ್ ಬಸ್ ಕಾಯುವುದೇ ಡ್ಯೂಟಿ.

ಮೊದಲು ಲೆಕ್ಕ. ಬೆಂಗಳೂರು ಇವತ್ತಿಗೂ ನಡೆಯುತ್ತಿರುವುದು 2015ರ ಮಾಸ್ಟರ್ ಪ್ಲಾನ್ ಮೇಲೆ. 2007ರಲ್ಲಿ ಒಪ್ಪಿಗೆಯಾದದ್ದು. 2031ಕ್ಕೆ ಅಂತ ಮಾಡಿದ ಕರಡು 2017ರ ನವೆಂಬರಿನಲ್ಲಿ ಹೊರಬಂತು, ಆಕ್ಷೇಪಣೆಗಳ ನಂತರ ವಾಪಸ್ ಹೋಯಿತು. ಹಾಗಾಗಿ ಹೆಸರಿನಲ್ಲೇ ಅವಧಿ ಮುಗಿದ ಪ್ಲಾನು ನಮ್ಮದು.

ಅದರ ಪ್ರಕಾರ ವಸತಿ ವಲಯದಲ್ಲಿ ನಿಮ್ಮಂಥ ಸಣ್ಣ ಸೈಟಿಗೆ, ನಿಮ್ಮಂಥ ರಸ್ತೆಗೆ ಎಫ್‌ಎಆರ್ 1.75. ಅಂದರೆ ಸೈಟಿನ ಅಳತೆಯ ಅಷ್ಟು ಪಟ್ಟು ಕಟ್ಟಬಹುದು. ಸೈಟು 1200 ಚದರ ಅಡಿ. 1200ನ್ನು 1.75ರಿಂದ ಗುಣಿಸಿ, 2100. ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ 21 ಚದರ. ಎಲ್ಲಾ ಮಹಡಿ ಸೇರಿ ಅಷ್ಟೇ. ಅದೂ ಸೈಟಿನ ನೂರಕ್ಕೆ 75 ಭಾಗದ ಮೇಲೆ ಮಾತ್ರ ಕಟ್ಟಬೇಕು. ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಅಂದರೆ ಗೋಡೆಯಿಲ್ಲದೆ ಬರೀ ಕಂಬಗಳ ನಡುವೆ ಕಾರಿನ ಜಾಗ, ಬಿಟ್ಟರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಈಗ ನಿಮ್ಮ ಪಕ್ಕದ್ದು. ಅಂಚಿನವರೆಗೂ ಎಳೆದಿದ್ದಾರೆ ಅಂದರೆ ಮಹಡಿಗೆ 11 ಚದರ ಅಂದುಕೊಳ್ಳಿ. ಐದು ಮಹಡಿಗೆ 55. ಇದು ಸಣ್ಣಪುಟ್ಟ ಹೆಚ್ಚುಕಡಿಮೆ ಅಲ್ಲ, ಎರಡೂವರೆ ಪಟ್ಟು.

ಸ್ಯಾಂಕ್ಷನ್ ಆಗಿದೆ ಅಂತ ಅವರು ಹೇಳಿದ್ದು ಸುಳ್ಳಲ್ಲದೇ ಇರಬಹುದು. ನಕ್ಷೆಯಲ್ಲಿ ಕೆಳಗೆ ಕಾರು, ಮೇಲೆ ಮೂರು ಸಣ್ಣ ಮಹಡಿ, ಸುತ್ತ ಜಾಗ, ಮಳೆನೀರು ಗುಂಡಿ ಎಲ್ಲಾ ಇರುತ್ತದೆ. ಬ್ಯಾಂಕಿಗೆ ಕೊಡೋದು ಆ ನಕ್ಷೆ, ಮೇಸ್ತ್ರಿಗೆ ಕೊಡೋದು ಬೇರೆ ನಕ್ಷೆ. ಎರಡನೆಯದು ಒಂದೊಂದು ಸಲ ಸಿಮೆಂಟ್ ಚೀಲದ ಮೇಲೆ ಪೆನ್ಸಿಲ್‌ನಲ್ಲಿ ಬರೆದದ್ದು. ಇದನ್ನು ನಾನೂ ಕಣ್ಣಾರೆ ನೋಡಿ ಸುಮ್ಮನಿದ್ದವನೇ, ಅದನ್ನೂ ಹೇಳಿಬಿಡುತ್ತೇನೆ.

ಪಿಜಿ ವಿಷಯ. ವಸತಿ ರಸ್ತೆಯಲ್ಲಿ ಮನೆಯ ಒಂದು ಸಣ್ಣ ಭಾಗದಲ್ಲಿ ಟೈಲರ್, ಡಾಕ್ಟರು, ವಕೀಲರು ಕೂರಬಹುದು. ನೂರಕ್ಕೆ 20 ಭಾಗ ಅಥವಾ 50 ಚದರ ಮೀಟರ್, ಯಾವುದು ಕಡಿಮೆಯೋ ಅಷ್ಟು. ಐದು ಮಹಡಿ ಪೂರ್ತಿ ವ್ಯಾಪಾರಕ್ಕೆ ಬಿಡುವುದು ಬೇರೆ ಮಾತು. ಆದರೆ ಪಿಜಿ ಅಂದರೆ ಮನೆಯೋ ವ್ಯಾಪಾರವೋ ಅನ್ನುವುದೇ ಜಗಳ. 2023ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಪಿಜಿ ಮನೆಯಲ್ಲ, 12 ಪರ್ಸೆಂಟ್ ಕಟ್ಟಿ ಅಂದಿತು. ಮರುವರ್ಷ ಜಿಎಸ್‌ಟಿ ಮಂಡಳಿ ತಿಂಗಳಿಗೆ 20 ಸಾವಿರದ ಒಳಗಿನ ಬಾಡಿಗೆ, ಮೂರು ತಿಂಗಳಿಗೆ ಕಮ್ಮಿಯಿಲ್ಲದ ವಾಸ ಅಂದರೆ ತೆರಿಗೆ ಬೇಡ ಅಂದಿತು. ತೆರಿಗೆಯವರಿಗೇ ಇಷ್ಟು ಗೊಂದಲ ಇದ್ದ ಮೇಲೆ ವಾರ್ಡ್ ಇಂಜಿನಿಯರ್ ಏನು ಮಾಡ್ತಾನೆ?

ನಕ್ಷೆ ನೋಡುವುದಕ್ಕೆ ಮಾತ್ರ ಒಂದು ಒಳ್ಳೆ ಆಧಾರ ಇದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಒಂದು ಕೇಸಿನಲ್ಲಿ ಇಡೀ ದೇಶಕ್ಕೆ ಹೇಳಿದೆ. ಕೆಲಸ ನಡೆಯುವಷ್ಟೂ ದಿನ ಮಂಜೂರಾದ ನಕ್ಷೆಯ ಪ್ರತಿಯನ್ನು ಸೈಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಅದನ್ನೇ ಹಿಡಿದುಕೊಂಡು ಕೇಳಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. ಮೂರನೆಯವರ ಮಾಹಿತಿ ಅಂತ ತಳ್ಳಿಹಾಕಬಹುದು, ಮೇಲ್ಮನವಿ ಹಾಕಿ, ಬಿಡಬೇಡಿ.

ಬಿ ಖಾತಾ ಬಡಪಾಯಿ:

ಅದೇ ಡಿಸೆಂಬರ್ 17ರ ತೀರ್ಪು ನನ್ನ ಮನೆ ಹಾಳು ಮಾಡಿತು ಸರ್. ಅದರಲ್ಲಿ ಇನ್ನೊಂದು ಸಾಲಿದೆ. ಒಸಿ, ಅಂದರೆ ನಕ್ಷೆ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅನ್ನುವ ಪತ್ರ, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಯುಜಿಡಿ (ಒಳಚರಂಡಿ) ಕೊಡಬಾರದು. ದೊಡ್ಡ ಬಿಲ್ಡರ್‌ಗೆ ಅಂತ ಬೀಸಿದ ದೊಣ್ಣೆ, ಬಿದ್ದದ್ದು ನಮ್ಮ ತಲೆ ಮೇಲೆ. ನಮ್ಮದು ಅನುಮೋದನೆಯಿಲ್ಲದ ಬಡಾವಣೆಯ ರೆವಿನ್ಯೂ ಸೈಟು, ಅಂಥ ಸೈಟುಗಳಿಗೆ ತೆರಿಗೆಗೆ ಅಂತ ಕೊಡುವ ಬಿ ಖಾತಾ. ಅದಕ್ಕೆ ನಕ್ಷೆ ಮಂಜೂರೇ ಆಗೋದಿಲ್ಲ, ಒಸಿ ಎಲ್ಲಿಂದ ತರಲಿ? 2025ರಲ್ಲಿ ಮನೆ ಮುಗಿದು ಗೃಹಪ್ರವೇಶಕ್ಕೆ ಕಾರ್ಡು ಹಂಚಿಯಾಗಿತ್ತು. ಕಾಯಂ ಮೀಟರ್ ಇಲ್ಲ. ಟೆಂಪರರಿ ಕನೆಕ್ಷನ್‌ನಲ್ಲಿ ಹಾಲು ಉಕ್ಕಿಸಿದೆವು.

ಆಮೇಲೆ ಸರ್ಕಾರ 1200 ಚದರ ಅಡಿವರೆಗಿನ ಸೈಟಿನ ವಾಸದ ಮನೆಗೆ, ನೆಲ ಮತ್ತು ಎರಡು ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿ ಇದ್ದರೆ, ಒಸಿ ಬೇಡ ಅಂತ ವಿನಾಯಿತಿ ಕೊಟ್ಟಿತು. ಬೀದಿಯಲ್ಲಿ ಎಲ್ಲರೂ ಪಟಾಕಿ ಹೊಡೆದರು. ನನ್ನ ಸೈಟು 30×50.

ಮೂಲೆಮನೆ:

ಅಯ್ಯೋ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ ಸರ್. ಬಿ ಖಾತಾದಿಂದ ಎ ಖಾತಾ ಮಾಡಿಕೊಡುತ್ತಾರೆ ಅಂತ 2025ರಲ್ಲಿ ಹೇಳಿದ್ದರಲ್ಲ, ಹಾಕಿದಿರಾ?

ಬಿ ಖಾತಾ ಬಡಪಾಯಿ:

ಹಾಕಿದ್ದೇನೆ. ಮೊದಲು ಇ-ಖಾತಾ, ಆಮೇಲೆ ಅದು. ಈಗ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆಗಿದೆ, 2025ರ ಸೆಪ್ಟೆಂಬರ್ 2ರಿಂದ. ನನ್ನ ಫೈಲು ಯಾವ ಪಾಲಿಕೆಗೆ ವಲಸೆ ಹೋಯಿತು ಅಂತ ಹುಡುಕುತ್ತಿದ್ದೇನೆ.

ಕೊಪ್ಪಳದ ಹುಡುಗಿ:

ನಾನು ಸುಮ್ನೆ ಓದಿ ಹೋಗುತ್ತಿದ್ದೆ. ಆದರೆ ಇಲ್ಲಿ ಬೈಸಿಕೊಳ್ಳುತ್ತಿರುವ ಪಿಜಿಯಲ್ಲೇ ನಾನಿರುವುದು. ಅದೇ ಕಟ್ಟಡ ಅಲ್ಲ, ಅಂಥದ್ದೇ ಒಂದು. 30×40 ಸೈಟು, ಆರು ಮಹಡಿ, ನಾನು ನಾಲ್ಕನೆಯದರಲ್ಲಿ. ಮೂರು ಮಂಚ, ಒಂದು ಕಿಟಕಿ. ಆ ಕಿಟಕಿ ತೆಗೆದರೆ ಎದುರು ಮನೆ ಅಜ್ಜಿಯ ದೇವರ ಕೋಣೆ ಕಾಣುತ್ತದೆ. ಅಜ್ಜಿಗೆ ಕಿರಿಕಿರಿ, ನಮಗೂ ಮುಜುಗರ. ಅದಕ್ಕೇ ವರ್ಷದಿಂದ ತೆಗೆದಿಲ್ಲ.

ನಾವು ಎಲ್ಲಿಗೆ ಹೋಗಬೇಕು ಹೇಳಿ ಅಣ್ಣ. ಒಬ್ಬಳಿಗೆ ಮನೆ ಬಾಡಿಗೆಗೆ ಕೇಳಿದರೆ ಅಡ್ವಾನ್ಸ್ ಹತ್ತು ತಿಂಗಳದ್ದು. ಫ್ಯಾಮಿಲಿಗೆ ಮಾತ್ರ ಅನ್ನುತ್ತಾರೆ, ನಾನ್‌ವೆಜ್ ತಿಂತೀರಾ ಅನ್ನುತ್ತಾರೆ. ನಿಮ್ಮ ಬೀದಿಯವರೇ ಹಾಗೆ ಕೇಳಿದ್ದು. ಪಿಜಿಯವರು ಮಾತ್ರ ಏನೂ ಕೇಳಲಿಲ್ಲ. 21 ಚದರದ ಲೆಕ್ಕ ಚೆನ್ನಾಗಿದೆ, ಅದರಲ್ಲಿ ನನಗೆ ಎಷ್ಟು ಚದರ ಅಂತ ಯಾವ ಪ್ಲಾನಿನಲ್ಲೂ ಬರೆದಿಲ್ಲವಲ್ಲ.

ಟೇಪು ಹಿಡಿದವ:

ಬರೆದಿದೆ ತಾಯಿ, ಸ್ವಲ್ಪ ತಡವಾಗಿ ಬರೆದರು. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯಲ್ಲಿ ಒಬ್ಬ ಹುಡುಗಿಯ ಕೊಲೆ ಆಯಿತಲ್ಲ, ಅದಾದ ಮೇಲೆ ಆಗಸ್ಟಿನಲ್ಲಿ ಪಾಲಿಕೆ ಪಿಜಿಗಳಿಗೆ ನಿಯಮ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಕಾವಲಿಗೆ ಜನ. ನಿಮ್ಮ ರೂಮಿನ ಅಳತೆ ಇದ್ದರೆ ಹೇಳಿ.

ಕೊಪ್ಪಳದ ಹುಡುಗಿ:

ಮೊಬೈಲ್ ಆ್ಯಪ್‌ನಲ್ಲಿ ಅಳೆದೆ. 11 ಅಡಿ, 10 ಅಡಿ. ಮೂರು ಜನಕ್ಕೆ 110. ತಲೆಗೆ 36 ಮುಕ್ಕಾಲಿಗೂ ಚೂರು ಕಮ್ಮಿ ಬಂತು. ಇನ್ನು ನೀರು, ಸೋಲಾರ್ ಬಿಸಿನೀರು ಬೆಳಗ್ಗೆ ಏಳಕ್ಕೆ ಮುಗಿಯುತ್ತದೆ, ಅದರ ಲೆಕ್ಕ ಕೇಳಬೇಡಿ.

ಮಾಲೀಕ, ಹೆಸರು ಬೇಡ:

ಎಲ್ಲರೂ ಮಾಲೀಕನನ್ನು ಕಳ್ಳನ ಥರ ನೋಡುವುದು ನೋಡಿ ಬರೆಯುತ್ತಿದ್ದೇನೆ. ನನಗೂ ಒಂದು ಪಿಜಿ ಇದೆ. ಸೈಟಿಗೆ ಕೊಟ್ಟ ದುಡ್ಡಿಗೆ 21 ಚದರ ಕಟ್ಟಿ ಎರಡು ಮನೆ ಬಾಡಿಗೆಗೆ ಕೊಟ್ಟರೆ ಬ್ಯಾಂಕಿನ ಕಂತಿಗೂ ಸಾಲದು. ಸೈಟಿನ ರೇಟು ಇಟ್ಟವರು ಐದು ಮಹಡಿಯ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ನಿಮ್ಮ ಹೆಂಚಿನ ಮನೆಯ ಮಕ್ಕಳು ಮಾರಿದ ರೇಟಿನಲ್ಲೂ ಆ ಐದು ಮಹಡಿ ಸೇರಿತ್ತು. ಅವರು ದುಡ್ಡು ತಗೊಂಡು ಹೋದರು, ಬೈಗುಳ ಮಾತ್ರ ಕಟ್ಟಿದವನಿಗೆ.

ನಾಳೆ ಎಫ್‌ಎಆರ್ ಜಾಸ್ತಿ ಮಾಡಿ, ಕಾನೂನಿನಲ್ಲೇ ಕಟ್ಟುತ್ತೇನೆ. ಯಾರಿಗೆ ಬೇಕು ಈ ಭಯದ ಬದುಕು.

ಯುಜಿಡಿ ಸಂತ್ರಸ್ತೆ:

ಎಫ್‌ಎಆರ್ ಜಾಸ್ತಿ ಮಾಡಬಹುದು ಸ್ವಾಮಿ, ರಸ್ತೆ ಕೆಳಗಿನ ಪೈಪು ಜಾಸ್ತಿ ಮಾಡುವವರು ಯಾರು?

ನಮ್ಮ ಬೀದಿಯ ಲೆಕ್ಕ ಹೇಳುತ್ತೇನೆ. ಐದು ಮಹಡಿ, ಮಹಡಿಗೆ ನಾಲ್ಕು ರೂಮು, ರೂಮಿಗೆ ಮೂವರು. 60 ಜನ. ಆ 135 ಲೀಟರ್ ಲೆಕ್ಕದಲ್ಲಿ ದಿನಕ್ಕೆ 8100 ಲೀಟರ್. ಕಾವೇರಿ ನಮಗೆ ದಿನ ಬಿಟ್ಟು ದಿನ. ಹಾಗಾಗಿ ಬೆಳಗ್ಗೆ ಐದೂವರೆಗೆ ಟ್ಯಾಂಕರು ಬಂದು ರಿವರ್ಸ್ ಹಾರ್ನ್ ಹೊಡೆಯುತ್ತದೆ. ಅಷ್ಟು ನೀರು ಒಳಗೆ ಹೋದದ್ದು ಹೊರಗೂ ಬರಬೇಕಲ್ಲ? ಮನೆಗೆ ಐದು ಜನ ಅಂತ ಹಾಕಿದ ಪೈಪು. ಮೊನ್ನೆ ಶ್ರಾವಣ ಶುಕ್ರವಾರ ನಮ್ಮ ಕೆಳಗಿನ ಮನೆಯ ಬಚ್ಚಲಲ್ಲಿ ಯಾರದೋ ಶಾಂಪೂ ನೊರೆ ಉಕ್ಕಿತು. ವರಮಹಾಲಕ್ಷ್ಮಿ ಕಳಶ ಇಟ್ಟ ದಿನ! ಶಾಂಪೂ ಮಾತ್ರ ಬಂದಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ.

ಸೈಟಿಗೊಂದು ಮಿತಿ ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಮಾಸ್ಟರ್ ಪ್ಲಾನ್ ತೋರಿಸುವುದಿಲ್ಲ, ಆ ಬಚ್ಚಲು ತೋರಿಸುತ್ತೇನೆ.

ಕೆರೆ ಪಕ್ಕ:

ನೀವೆಲ್ಲ ಮನೆ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಜಗಳದಲ್ಲಿದ್ದೀರಿ, ನಮ್ಮದು ಕೆರೆ ಸುತ್ತ ಬಿಡಬೇಕಾದ ಬಫರ್ ಜಗಳ. ಕೆರೆಯಿಂದ 50 ಮೀಟರ್ ದೂರದಲ್ಲಿ ನಮ್ಮ ಅಪಾರ್ಟ್‌ಮೆಂಟು. ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ 30 ಮೀಟರ್ ಬಿಡಬೇಕಿತ್ತು, ಬಿಟ್ಟಿದ್ದರು, ಕೊಂಡೆವು. 2016ರ ಮೇನಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 75 ಮಾಡಿತು. ರಾತ್ರೋರಾತ್ರಿ ನಮ್ಮ ಬೆಡ್‌ರೂಮು ಬಫರ್ ಒಳಗೆ ಬಂತು. ಮಾರುವವರು ಮಾರಲಾಗಲಿಲ್ಲ, ಕೊಳ್ಳುವವರು ಫೋನ್ ಎತ್ತಲಿಲ್ಲ. 2019ರ ಮಾರ್ಚ್ 5ಕ್ಕೆ ಸುಪ್ರೀಂ ಕೋರ್ಟು ಆ 75ನ್ನು ರದ್ದು ಮಾಡಿತು, ಮತ್ತೆ ಹೊರಗೆ ಬಂದೆವು. ಮನೆ ಒಂದಿಂಚೂ ಅಲುಗಾಡಲಿಲ್ಲ, ಗೆರೆ ಮಾತ್ರ ಓಡಾಡಿತು.

ಹಾಗಂತ ಬಫರ್ ಬೇಡ ಅನ್ನುತ್ತಿಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರದ ಕಡೆ ಕೋಟಿ ಕೋಟಿಯ ವಿಲ್ಲಾದವರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದದ್ದನ್ನು ಎಲ್ಲರೂ ನೋಡಿದ್ದೇವೆ. ನೀರಿಗೆ ಖಾತಾ ಬೇಕಿಲ್ಲ.

ಕಡಲತಡಿ:

ಬೆಂಗಳೂರಿನವರ ಕಷ್ಟ ಓದಿ ಸ್ವಲ್ಪ ನಗುವೂ ಬಂತು, ಕ್ಷಮಿಸಿ. ನಿಮ್ಮಲ್ಲಿ ಅನುಮತಿ ಇಲ್ಲದೆ ಐದು ಮಹಡಿ ಏಳುತ್ತದೆ. ನಮ್ಮ ಉಡುಪಿ ಕಡೆ ಅಪ್ಪನ ಜಾಗದಲ್ಲಿ ಒಂದು ಸಾದಾ ಮನೆ ಕಟ್ಟಲು ನಾನು ಎರಡು ವರ್ಷ ಓಡಾಡಿದ್ದೇನೆ. ಹತ್ತು ಸೆಂಟ್ಸ್ ಜಾಗ. ಮೊದಲು ಭೂ ಪರಿವರ್ತನೆ, ಮತ್ತೆ ಏಕನಿವೇಶನ ನಕ್ಷೆ, ಅಂದರೆ ಒಂದೇ ಸೈಟಿಗೆ ಬಡಾವಣೆಯ ಹಾಗೆ ಮಂಜೂರಾತಿ, ಮತ್ತೆ 9/11. ಅಮೆರಿಕದ್ದಲ್ಲ, ಪಂಚಾಯತಿನ ಆಸ್ತಿ ದಾಖಲೆಯ ಫಾರಂ 9 ಮತ್ತು 11. ನಾವು ಬ್ಯಾಂಕಿನಲ್ಲಿ 'ನೈನ್ ಇಲೆವೆನ್ ಆಗಿಲ್ಲ' ಅಂದರೆ ಹೊರಗಿನ ಮ್ಯಾನೇಜರ್ ಬೆಚ್ಚಿಬೀಳುತ್ತಾರೆ.

ಬಡಾವಣೆ ಮಾಡುವವರಿಗೆ ಅಂತ ಬರೆದ ನಿಯಮ, ಒಂಟಿ ಮನೆಯವನ ತಲೆ ಮೇಲೆ. ನಮ್ಮಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ತೋಟದ ನಡುವೆ ಒಂದು, ಗುಡ್ಡದ ಬದಿಯಲ್ಲಿ ಒಂದು. ಮನೆಗೆ ಹೋಗುವ ದಾರಿ ಇಷ್ಟು ಅಗಲ ಇರಬೇಕು ಅಂದರೆ ಅಜ್ಜನ ಕಾಲದ ಕಟ್ಟಪುಣಿ, ಗದ್ದೆ ಬದುವಿನ ಕಾಲುದಾರಿ, ಅಗಲವಾಗುತ್ತದೆಯೇ?

ಧಾರವಾಡದವ:

ನಮ್ಮ ಕಡೆ ಗುಂಠಾ ಪ್ಲಾಟ್ ಅಂತ ಇದೆ ನೋಡ್ರಿ. ಒಂದು ಗುಂಠೆ ಅಂದರೆ 1089 ಚದರ ಅಡಿ. ಹೊಲವನ್ನೇ 33 ಅಡಿಗೆ 33 ಅಡಿ ಕತ್ತರಿಸಿ ಮಾರುತ್ತಾರೆ. ಎನ್‌ಎ, ಅಂದರೆ ಭೂ ಪರಿವರ್ತನೆ ಇಲ್ಲ, ಗಟಾರ ಇಲ್ಲ, ಪಾರ್ಕ್ ಅಂತೂ ಕೇಳಬೇಡ್ರಿ. ಅಲ್ಲಿ ತಗೊಂಡವರು ಯಾರೂ ಮೋಸಗಾರರಲ್ಲ, ಎನ್‌ಎ ಆದ ಪ್ಲಾಟಿನ ರೇಟು ಕೇಳಿ ಹಿಂದೆ ಬಂದವರು. ನಮ್ಮ ಮಾವನೂ ಅದರಲ್ಲಿ ಒಬ್ಬ. 21 ಚದರ, ಸ್ಟಿಲ್ಟ್, ಎಲ್ಲ ನಿಮ್ಮ ಶ್ರೀಮಂತರ ಜಗಳ ಬಿಡ್ರಿ.

ಟೊರಾಂಟೊ ಕನ್ನಡತಿ:

ಮೂಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ಪಕ್ಕದವರಿಗೆ ನಕ್ಷೆ ನೋಡುವ ಹಕ್ಕು. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದವಳು, ಹದಿನೈದು ವರ್ಷದಿಂದ ಇಲ್ಲಿದ್ದೇನೆ. ಹೋದ ವರ್ಷ ನಮ್ಮ ಪಕ್ಕದವರು ಹಿಂದಕ್ಕೆ ನಿಯಮಕ್ಕಿಂತ ಸ್ವಲ್ಪ ಜಾಸ್ತಿ ಕಟ್ಟಬೇಕು ಅಂತ ಅರ್ಜಿ ಹಾಕಿದರು. ಅವರ ಮನೆ ಮುಂದೆ ಬೋರ್ಡು ಬಂತು. 60 ಮೀಟರ್ ಒಳಗಿನ ಎಲ್ಲ ಮನೆಗೂ ನೋಟಿಸು ಬಂತು. ನಕ್ಷೆ ಆನ್‌ಲೈನಲ್ಲೇ ಇತ್ತು, ಯಾರನ್ನೂ ಕೇಳಬೇಕಿರಲಿಲ್ಲ. ವಿಚಾರಣೆ ದಿನ ನಾನೂ ವಿಡಿಯೋದಲ್ಲಿ ಕೂತು ನಮ್ಮ ಹಿತ್ತಲಿಗೆ ನೆರಳು ಬೀಳುತ್ತದೆ, ಹೀರೇಕಾಯಿ ಬಳ್ಳಿ ಏಳುವುದಿಲ್ಲ ಅಂತ ಹೇಳಿದೆ. ಹೀರೇಕಾಯಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು ಅಂತ ಅಲ್ಲೇ ತಡವರಿಸಿದೆ.

ಆಮೇಲೆ ಅವರಿಗೆ ಅನುಮತಿ ಸಿಕ್ಕಿತು. ಮೊದಲೆಲ್ಲ ಪಕ್ಕದವರು ಮೇಲ್ಮನವಿ ಹಾಕಬಹುದಿತ್ತು. 2022ರ ಕೊನೆಯಲ್ಲಿ ಒಂಟಾರಿಯೊ ಸರ್ಕಾರ ಅದನ್ನು ತೆಗೆದುಹಾಕಿತು. ಪಕ್ಕದವರ ತಕರಾರಿನಿಂದಲೇ ಮನೆಗಳು ಏಳುತ್ತಿಲ್ಲ ಅನ್ನುವುದು ಕಾರಣ. ಕೊಪ್ಪಳದ ತಂಗಿ ಬರೆದದ್ದು ಓದಿದರೆ ಆ ಕಾರಣ ಪೂರ್ತಿ ಸುಳ್ಳು ಅಂತಲೂ ಅನಿಸುವುದಿಲ್ಲ. ಇಲ್ಲಿಯೂ ಓದಲು ಬಂದ ಮಕ್ಕಳು ಬೇಸ್‌ಮೆಂಟಿನಲ್ಲಿ ಆರಾರು ಜನ ಇರುತ್ತಾರೆ.

ಆದರೂ ಮೂಲೆಮನೆಯವರೇ, ನೋಟಿಸು ಬಂದದ್ದಕ್ಕೆ ಒಂದು ಬೆಲೆಯಿದೆ. ಗೋಡೆ ಎದ್ದ ಮೇಲೆ ಗೊತ್ತಾಗುವುದಕ್ಕೂ, ಏಳುವ ಮೊದಲೇ ಗೊತ್ತಾಗುವುದಕ್ಕೂ ವ್ಯತ್ಯಾಸ ಇದೆ ಅಲ್ವಾ. ಆ ಪಕ್ಕದವರ ಜೊತೆ ನಾವು ಈಗಲೂ ಮಾತಾಡುತ್ತೇವೆ.

ಟೇಪು ಹಿಡಿದವ:

ಅಮ್ಮಾ, ಇದೇ ವಿಷಯ. ನಮ್ಮಲ್ಲಿ ಮಾಸ್ಟರ್ ಪ್ಲಾನಿಗೆ ಆಕ್ಷೇಪಣೆ ಕರೆಯುತ್ತಾರೆ. ಇಡೀ ಊರಿನ ನಕ್ಷೆ, ಸಾಮಾನ್ಯ ಜನಕ್ಕೆ ಅದರಲ್ಲಿ ತನ್ನ ಬೀದಿ ಹುಡುಕುವುದೇ ಕಷ್ಟ. ಪಕ್ಕದ ಸೈಟಿನ ನಕ್ಷೆಗೆ ಮಾತ್ರ ಪಕ್ಕದವನನ್ನು ಯಾರೂ ಕೇಳುವುದಿಲ್ಲ. ಅದು ಓನರ್‌ಗೂ ಆಫೀಸಿಗೂ ನಡುವಿನ ಮಾತು. 2024ರಲ್ಲಿ 'ನಂಬಿಕೆ ನಕ್ಷೆ' ಅಂತ ಬಂತು. 50×80ರವರೆಗಿನ ಸೈಟಿನ ವಾಸದ ಮನೆಗೆ ನೋಂದಾಯಿತ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ಆನ್‌ಲೈನಲ್ಲಿ ಹಾಕಿದರೆ ಬೇಗ ಮಂಜೂರು. ಲಂಚಕ್ಕೆ ಅಲೆದಾಡುವುದು ತಪ್ಪಲಿ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ನಂಬಿಕೆಯ ಆ ವೃತ್ತದಲ್ಲೂ ಗೋಡೆಯ ಆಚೆಯವನಿಗೆ ಕುರ್ಚಿಯಿಲ್ಲ.

2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗು ಮಳೆಯಲ್ಲಿ ಕುಸಿದು ಕೂಲಿಯವರು ಸತ್ತರು. ಅನಧಿಕೃತ ಅಂತ ಆಮೇಲೆ ಎಲ್ಲರೂ ಹೇಳಿದರು. ಹಗಲುಹೊತ್ತು, ಬೀದಿಯಲ್ಲೇ, ಒಂದೊಂದೇ ಮಹಡಿ ಏರಿದ ಕಟ್ಟಡ ಅದು.

ಮೂಲೆಮನೆ:

ಅಪ್‌ಡೇಟ್ ಕೊಡಲು ತಡವಾಯಿತು. ಮಾಹಿತಿ ಹಕ್ಕಿನ ಉತ್ತರ 34ನೇ ದಿನಕ್ಕೆ ಬಂತು. ನಕ್ಷೆ ಕೊಟ್ಟಿದ್ದಾರೆ. ಸರ್ ಹೇಳಿದ ಹಾಗೇ ಇದೆ. ಸ್ಟಿಲ್ಟ್, ಮೇಲೆ ಮೂರು ಮಹಡಿ, ಒಂದೊಂದು 7 ಚದರ. ನಮ್ಮ ಕಡೆ ಒಂದು ಮೀಟರ್ ಬಿಟ್ಟ ಹಾಗೆ ಗೆರೆ ಎಳೆದಿದ್ದಾರೆ. ಸೈಟಿನಲ್ಲಿ ನೋಡಿದರೆ ಸ್ಟಿಲ್ಟಿಗೆ ಇಟ್ಟಿಗೆ ಕಟ್ಟಿ ಅಡುಗೆಮನೆ, ಊಟದ ಹಾಲ್ ಮಾಡಿದ್ದಾರೆ. ಕಾರಿನ ಜಾಗಕ್ಕೆ ನಾಲ್ಕು ಗ್ಯಾಸ್ ಸಿಲಿಂಡರ್ ಬಂದಿದೆ.

ಖುಷಿಯಲ್ಲಿ ಅದರ ಜೆರಾಕ್ಸ್ ತಗೊಂಡು ಹೋಗಿ ಮತ್ತೆ ದೂರು ಕೊಟ್ಟೆ. ಮುಂದಿನ ವಾರ ನೋಟಿಸು ಬಂತು. ನನ್ನ ಮನೆಗೆ.

2009ರಲ್ಲಿ ಕಟ್ಟಿದ ಮೇಲಿನ ಮಹಡಿಗೆ ಅನುಮತಿ ಎಲ್ಲಿ ಅಂತ. ಹೊರಗಿನ ಮೆಟ್ಟಿಲು ಸೆಟ್‌ಬ್ಯಾಕಿನಲ್ಲಿದೆ ಅಂತ. ಮುಂದಿನ ಶೀಟು ಚರಂಡಿ ಮೇಲೆ ಚಾಚಿದೆ ಅಂತ. ಪಕ್ಕದವರು ಫೋಟೋ ಸಮೇತ ದೂರು ಕೊಟ್ಟಿದ್ದಾರೆ. ಐದನೇ ಮಹಡಿಯಿಂದ ತೆಗೆದ ಫೋಟೋ, ನಮ್ಮ ತಾರಸಿಯಲ್ಲಿ ಅಮ್ಮ ಸಂಡಿಗೆ ಇಡುತ್ತಿರುವುದೂ ಬಂದಿದೆ.

ಮೇಲಿನ ಮಹಡಿಗೆ ನಾನು ನಕ್ಷೆ ಮಾಡಿಸಿರಲಿಲ್ಲ. ಆಗಿನ ಮೇಸ್ತ್ರಿ 'ಒಂದೇ ಮಹಡಿ ಅಲ್ವಾ ಸಾರ್, ಯಾರೂ ಕೇಳಲ್ಲ' ಅಂದಿದ್ದ. ನಿಜ, 16 ವರ್ಷ ಯಾರೂ ಕೇಳಲಿಲ್ಲ.

ಮಾಲೀಕ, ಹೆಸರು ಬೇಡ:

ಹೇಳಿದೆನಲ್ಲ.

ಟೇಪು ಹಿಡಿದವ:

ಅವರಿಗೆ ಈಗ ಬೇಡ ಸರ್, ಬಿಡಿ.

ಮೂಲೆಮನೆಯವರೇ, ನಾನು ಮೊದಲ ದಿನವೇ ಹೇಳಬೇಕಿತ್ತು, ಬಾಯಿಗೆ ಬರಲಿಲ್ಲ. ಆ ಲಟ್ಟಣಿಗೆಯ ಜಾಗ ಇದೆಯಲ್ಲ, ಅದು ಪೂರ್ತಿ ನಿಮ್ಮ ಸೈಟಿನದು. ಅವರು ಗಡಿಯ ಮೇಲೇ ಗೋಡೆ ಎಬ್ಬಿಸಿದ್ದಾರೆ, ಸರಿ. ನಿಮ್ಮ ಅಡುಗೆಮನೆ ಗೋಡೆ ಗಡಿಯಿಂದ ಒಂದೂಕಾಲು ಅಡಿ ದೂರ ಇದೆ. 1991ರಲ್ಲಿ ನಿಮ್ಮ ತಂದೆಯವರೂ ಬಿಡಬೇಕಾದಷ್ಟು ಬಿಟ್ಟಿರಲಿಲ್ಲ. ಹೆಂಚಿನ ಮನೆಯವರು ಅವರ ಕಡೆ ಬೇಕಾದಷ್ಟು ಬಿಟ್ಟಿದ್ದರಿಂದ ನಿಮಗೆ ಮೂವತ್ತು ವರ್ಷ ಬೆಳಕು ಬಂತು.

ಕಾನೂನಿನ ಪ್ರಕಾರ ನಿಮ್ಮ ಮಹಡಿ ಅಕ್ರಮ-ಸಕ್ರಮದ ಸಾಲಿನಲ್ಲಿ ನಿಲ್ಲುವ ಮನೆ. 2013ರ ಅಕ್ಟೋಬರ್ 19ರ ಒಳಗೆ ಕಟ್ಟಿದ್ದು, ವಾಸದ ಮನೆಗೆ ನೂರಕ್ಕೆ 50ರವರೆಗಿನ ಉಲ್ಲಂಘನೆ ದಂಡ ಕಟ್ಟಿ ಸರಿ ಮಾಡಿಸಿಕೊಳ್ಳಬಹುದು ಅಂತ ಯೋಜನೆ. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಒಪ್ಪಿತ್ತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆ ತಡೆಯಲ್ಲೇ ಲಕ್ಷಾಂತರ ಮನೆಗಳು ಕೂತಿವೆ, ನಿಮ್ಮದೊಂದು. ನೋಟಿಸಿಗೆ ಉತ್ತರ ಕೊಡಿ, ಸುಮ್ಮನಿರಬೇಡಿ. ಬರೆದು ಕಳಿಸಿ, ನಾನು ನೋಡಿ ತಿದ್ದಿಕೊಡುತ್ತೇನೆ, ದುಡ್ಡು ಬೇಡ.

ಯುಜಿಡಿ ಸಂತ್ರಸ್ತೆ:

ಇದಕ್ಕೇ ನಮ್ಮ ಬೀದಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ ನೋಡಿ. ಎದುರು ಮನೆಯವರದು ಅಂಗಡಿ, ಮೂಲೆಯವರದು ನಾಲ್ಕನೇ ಮಹಡಿ, ನಮ್ಮದು ಪೋರ್ಟಿಕೊ. ಎಲ್ಲರ ದೋಸೆಯಲ್ಲೂ ತೂತು. ಆಫೀಸಿನವರಿಗೂ ಅದು ಗೊತ್ತು. ಆದರೆ ಒಂದು ಶೀಟೂ, 34 ಚದರ ಜಾಸ್ತಿ ಕಟ್ಟಿದ್ದೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ?

ಕೊಪ್ಪಳದ ಹುಡುಗಿ:

ಅಣ್ಣ, ಫೋಟೋದಲ್ಲಿ ಅಮ್ಮ ಬಂದದ್ದು ಓದಿ ಬೇಜಾರಾಯಿತು. ನಾನು ಇವತ್ತು ಆ ಕಿಟಕಿಗೆ ಒಂದು ಪರದೆ ತಂದು ಹಾಕಿದೆ. ಎದುರಿನ ಅಜ್ಜಿ ಕೈ ಬೀಸಿದರು.

ಮೂಲೆಮನೆ:

ನಿನ್ನೆ ಪಕ್ಕದ ಓನರ್ ಮನೆಗೇ ಬಂದಿದ್ದರು. ಕಾಫಿ ಕುಡಿದರು. ನೀವು ನಿಮ್ಮದು ವಾಪಸ್ ತಗೊಳ್ಳಿ, ನಾನು ನನ್ನದು ತಗೊಳ್ತೀನಿ ಅಂದರು. ಬೇಕಿದ್ದರೆ ನಿಮ್ಮ ಅಡುಗೆಮನೆಗೆ ನನ್ನ ಖರ್ಚಿನಲ್ಲೇ ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಡ್ತೀನಿ ಅಂತಲೂ ಅಂದರು. ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು, ಏನೂ ಹೇಳಲಿಲ್ಲ. ಅವರು ಹೋದ ಮೇಲೆ ಬಂದು, 'ಮುಂದಿನ ಶೀಟು ತೆಗೆಸಿಬಿಡು, ಮೊದಲು ನಮ್ಮದು' ಅಂದರು. ಮೆಟ್ಟಿಲು ತೆಗೆಯಲಾಗುವುದಿಲ್ಲ, ಮೇಲಿನ ಮನೆಗೆ ಬೇರೆ ದಾರಿಯಿಲ್ಲ. ಶೀಟು ತೆಗೆಯಬಹುದು.

ದೂರು ವಾಪಸ್ ತಗೊಂಡಿಲ್ಲ. ಭಾನುವಾರ ರಾತ್ರಿ ಅವರು ಐದನೇ ಮಹಡಿಯ ಮೋಲ್ಡ್ ಹಾಕಿ ಮುಗಿಸಿದರು, ಬೆಳಗಿನ ಜಾವ ಮೂರರವರೆಗೆ ಮಿಕ್ಸರ್ ತಿರುಗುತ್ತಿತ್ತು. ನಾನು ನೋಟಿಸಿಗೆ ಉತ್ತರ ಬರೆಯುತ್ತಾ ಎದ್ದೇ ಇದ್ದೆ. ಟೇಪು ಸರ್, ನಿಮಗೆ ಕಳಿಸಿದ್ದೇನೆ, ನೋಡಿ.

ಇವತ್ತು ವೆಲ್ಡಿಂಗಿನವನು ಬಂದು ಶೀಟು ಬಿಚ್ಚಿದ. ಸ್ಕೂಟರ್ ಈಗ ಮಳೆಯಲ್ಲಿ ನಿಂತಿದೆ. ಒಳ್ಳೆಯ ದಪ್ಪ ಟಾರ್ಪಾಲಿನ್ ಎಲ್ಲಿ ಸಿಗುತ್ತದೆ ಯಾರಿಗಾದರೂ ಗೊತ್ತಾ?

ಬಿ ಖಾತಾ ಬಡಪಾಯಿ:

ಎಸ್‌ಜೆಪಿ ರೋಡಿನಲ್ಲಿ ಕೇಳಿ ಸರ್. ನೀಲಿ ಬೇಡ, ಒಂದೇ ಬೇಸಿಗೆಗೆ ಹರಿಯುತ್ತದೆ. ಕಪ್ಪು ತಗೊಳ್ಳಿ.